ಅರ್ಧದ ತೂಕ

ಬಾಗಲಕೋಟೆಯ ನವನಗರದಲ್ಲಿ
ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆ ನಮ್ಮ ಪ್ರೆಸ್ಸು.
ಮೊಳೆ ಇಲ್ಲ, ಮಸಿ ಇಲ್ಲ,
ಒಂದು ಕಂಪ್ಯೂಟರು, ಒಂದು ಹೂಜಿ, ನಾನು.
ಪತ್ತಿನ ಸಂಘದ ಸದಸ್ಯರ ಪುಸ್ತಕ:
ಎರಡು ಸಾವಿರದ ನಾನೂರು ಮಂದಿ,
ಒಬ್ಬೊಬ್ಬರ ಆಚೆ ಈಚೆ ಒಂದೊಂದು ಟ್ಯಾಗು.

ಯಾರು ಹೇಗೆ ಕಾಣಬೇಕೆಂದು ನಿಯಮ ಬರೆಯುವವಳು ನಾನು,
ಆರಿಸುವುದು ಯಂತ್ರ.
ಒಬ್ಬರಿಗೇ ಎರಡು ನಿಯಮ ಕೈ ಎತ್ತಿದರೆ
ಅದು ಪಂಚರನ್ನು ಕೂಡಿಸುವುದಿಲ್ಲ,
ತಕ್ಕಡಿ ತೆಗೆಯುತ್ತದೆ.

ಜಮಖಂಡಿಯ ಪ್ರೆಸ್ಸಿನಿಂದ ಕಡ ತಂದ ನಿಯಮ
ಎಷ್ಟೇ ಭಾರದ್ದಿರಲಿ, ನಮ್ಮದರೆದುರು ತಕ್ಕಡಿ ಏರುವುದೇ ಇಲ್ಲ;
ಹೊರಗೇ ಚಪ್ಪಲಿಯ ಪಕ್ಕ ಕೂರುತ್ತದೆ.
ನಮ್ಮವುಗಳಲ್ಲಿ,
'ಯಾರೇ ಆಗಲಿ' ಎಂದರೆ ಸೊನ್ನೆಗಿಂತ ಅರ್ಧ ಕಡಿಮೆ.
'ಸದಸ್ಯ' ಎಂದು ಹೆಸರು ಹಿಡಿದು ಕರೆದರೆ ಸೊನ್ನೆ.
'ಮನೆ ಮುಳುಗಿದ ಸದಸ್ಯ' ಎಂದು ಷರತ್ತು ಕಟ್ಟಿದರೆ
ಅರ್ಧ.

ಹಾಗೆ ಹಳೇ ಊರಿನವರೆಲ್ಲ ಓರೆ ಅಕ್ಷರದಲ್ಲಿ ಬಂದರು,
ಹಿನ್ನೀರಿನ ದಡದ ಜೇಕಿನಂತೆ
ಒಂದೇ ಕಡೆ ವಾಲಿ.
ತೀರಿಕೊಂಡವರಿಗೆ ಕಪ್ಪು ಗೆರೆಯ ಚೌಕಟ್ಟು.
ಅದಕ್ಕೂ ಅರ್ಧ.

ಕರಡು ಹಾಳೆ ಹಿಡಿದು ಬಂದ ರಾಜೇಸಾಬ ನದಾಫ,
ತೋಳಿನ ಮೇಲೆ ಗಾದಿಯ ಹತ್ತಿ ಇನ್ನೂ ಅಂಟಿತ್ತು.
"ಅಕ್ಕಾರ, ನಮ್ಮವ್ವಗ ಚೌಕಟ್ಟ ಹಾಕೀರಿ, ಖರೇ.
ಮನಿ ಎಲ್ಲಿ ಹೋತು?
ಮಗ್ಗಲದವರೆಲ್ಲಾ ಓರೆ ಅದಾರ,
ನಾವೊಬ್ಬರ ನೆಟ್ಟಗ ನಿಂತೀವಿ."

ತೆಗೆದು ನೋಡಿದೆ. ಹುಸೇನಬಿ ನದಾಫ.
ಮನೆ: ಮುಳುಗಡೆ. ಸದಸ್ಯೆ: ಇಲ್ಲ.
ಇತ್ತ ಅರ್ಧ, ಅತ್ತ ಅರ್ಧ. ತಕ್ಕಡಿಯ ಮುಳ್ಳು ನಡುವೆ.
ಆಗ ಯಂತ್ರ ನೋಡುವುದು ಒಂದನ್ನೇ:
ಕೊನೆಗೆ ಬರೆದದ್ದು ಯಾವುದು?
ನೀರಿನ ನಿಯಮ ನಾನು ಬೆಳಿಗ್ಗೆ ಬರೆದಿದ್ದೆ,
ಸಾವಿನದು ಚಹಾ ಕುಡಿದ ಮೇಲೆ, ಅದರ ಕೆಳಗೆ.
ಅಷ್ಟೇ ಕಾರಣ.
'ಎರಡು ಹೊಂದಿದವು, ಕೊನೆಯದನ್ನು ಹಿಡಿದಿದ್ದೇನೆ' ಎಂದು
ಹಳದಿ ಅಕ್ಷರದಲ್ಲಿ ಅದು ಹೇಳಿಯೂ ಇತ್ತು.
ನಾನು ಸರಿಸಿಕೊಂಡು ಹೋಗಿದ್ದೆ.

ಎರಡೂ ಷರತ್ತು ಸೇರಿಸಿ ಮೂರನೆಯದೊಂದು ಬರೆದೆ.
ತೂಗಿದರೆ ಅದೂ ಅರ್ಧ!
ಷರತ್ತು ಉಂಟೋ ಇಲ್ಲವೋ ಎಂದಷ್ಟೇ ಅದರ ಲೆಕ್ಕ,
ಎಷ್ಟು ಎಂದು ಎಣಿಸುವುದಿಲ್ಲ.
ಮನೆ ಹೋದವಳಿಗೂ ಅರ್ಧ,
ಮನೆಯೂ ಹೋಗಿ ತಾನೂ ಹೋದವಳಿಗೂ
ಅದೇ ಅರ್ಧ.
ಅಳಿಸಿದೆ.

"ತೂಕಾ ನಾನ ಕೈಯಾರೆ ಹಾಕಬಹುದು,
ಹತ್ತು, ನೂರು. ಯಾವುದಕ್ಕ ಎಷ್ಟ ಹಾಕ್ಲಿ, ಹೇಳು?"
ಅವನು ಫ್ಯಾನು ನೋಡಿದ.
"ನೀರ ಮೊದಲ ಬಂತರಿ.
ಅವ್ವ ಹೋಗಿದ್ದು ಹನ್ನೊಂದ ವರ್ಷದ ಮ್ಯಾಲ, ಇಲ್ಲೇ, ಈ ಸೆಕ್ಟರಿನ್ಯಾಗ.
ಆದ್ರ ಕೊಡಾ ಹಿಡದು ಹೊಂಟ್ಲಂದ್ರ
ಕಡೀತನಕ ಹಳೇ ಓಣಿ ಕಡೇನ ತಿರಗತಿದ್ಲು."

ಇನ್ನೊಂದು ದಾರಿ ಇದೆ:
ಗೆದ್ದ ನಿಯಮ ತನ್ನ ಕೆಲಸದ ನಡುವೆ
ಸೋತದ್ದನ್ನು ಒಳಗೆ ಕರೆಯಬಹುದು. ಒಂದು ಸಾಲು ಸಾಕು.
ಹೊರಗೆ ಯಾವುದು, ಒಳಗೆ ಯಾವುದು ಎಂದು ಕೇಳಿದೆ.
ಈ ಸಲ ಅವನು ತಡ ಮಾಡಲಿಲ್ಲ.
"ಅವ್ವ ಮನ್ಯಾಗ ಇರ್ಲಿ."

ನೀರಿನ ನಿಯಮವನ್ನು ಕತ್ತರಿಸಿ
ಸಾವಿನ ಕೆಳಗೆ ಅಂಟಿಸಿದೆ. ಹಾಳೆ ಹೊರಬಂತು:
ಓರೆಯಾದ ಮನೆಯೊಳಗೆ ಕಪ್ಪು ಚೌಕಟ್ಟು,
ಅದರೊಳಗೆ ಅವಳು.

ಬೆನ್ನಿಗೇ, ಓರೆಯೂ ಇಲ್ಲದೆ ಗೆರೆಯೂ ಇಲ್ಲದೆ,
'ಬಾಗಿಲ ಮುಂದೆ ಹುಣಸಿ ಗಿಡ, ಒಂದು.'
ಪರಿಹಾರದ ಪಟ್ಟಿಯ ಯಾವನೋ ಗುಮಾಸ್ತ
ಅದಕ್ಕೂ ಒಂದು ಟ್ಯಾಗು ತೊಡಿಸಿದ್ದ;
ನಾನು ನಿಯಮ ಬರೆದಿರಲಿಲ್ಲ.
ಯಾರೂ ಕೈ ಎತ್ತದ ಮಾತಿಗೆ
ಯಂತ್ರಕ್ಕೆ ಹುಟ್ಟಿನಿಂದಲೇ ಬಂದ ನಿಯಮವೊಂದಿದೆ:
ಟ್ಯಾಗು ಕಳಚು, ಮಾತನ್ನು ಹೋಗಲು ಬಿಡು.

"ಇದನ್ನ ತಗೀಲೇನು?" ಎಂದೆ.
ಅವನು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದ.
"ಹುಣಸಿ ಅಲ್ರಿ, ಬಾರಿ ಗಿಡ."

ತಿದ್ದಿದೆ.
ನಿಯಮ ಬರೆಯಲಿಲ್ಲ.